ಬೀಳದ ನಿಂಬೆಹಣ್ಣು

ಮಸ್ಕಿಯ ಸಂಗನಬಸವನಿಗೆ ದೇವರು ಕೊಟ್ಟ ಭಾಗ್ಯ ಎರಡು. ಒಂದು, ನಾಗರಪಂಚಮಿಯಲ್ಲಿ ನಿಂಬೆಹಣ್ಣು ಒಗೆಯುವ ಬಲಗೈ. ಇನ್ನೊಂದು, ಹೆಂಡತಿ ಶೈಲಜಾ. ಬಲಗೈಯ ಸುದ್ದಿಯನ್ನು ಅವನು ತನ್ನ ಬೀಜ-ಗೊಬ್ಬರದ ಅಂಗಡಿಗೆ ಬಂದವರಿಗೆಲ್ಲ, ಅವರು ಯೂರಿಯಾ ಕೇಳಲು ಬಂದಿದ್ದರೂ ಬಿಡದೆ, ಹೇಳುತ್ತಿದ್ದ. ಹೆಂಡತಿಯ ಬಗ್ಗೆ ಮಾತ್ರ ಮದುವೆಯಾದಾಗಿನಿಂದ ಇವತ್ತಿನವರೆಗೆ ಒಂದು ಒಳ್ಳೆಯ ಮಾತು ಬಾಯಿಬಿಟ್ಟು ಆಡಿದವನಲ್ಲ. ನಮ್ಮ ಕಡೆಯ ಗಂಡಸರಿಗೆ ಇದೊಂದು ರೋಗ. ಹೆಂಡತಿ ಮೇಲೆ ಜೀವ ಇಟ್ಟುಕೊಂಡಿರುತ್ತಾರೆ, ಆದರೆ ಅದನ್ನು ಹೇಳಿದರೆ ಮೀಸೆ ಉದುರಿ ಬೀಳುತ್ತದೆ ಎಂದು ತಿಳಿದಿರುತ್ತಾರೆ.

ಪಂಚಮಿ ಬಂತೆಂದರೆ ಹೆಂಗಸರು ಜೋಕಾಲಿ ಹತ್ತುತ್ತಾರೆ, ಗಂಡಸರು ನಿಂಬೆಹಣ್ಣು ಹಿಡಿಯುತ್ತಾರೆ. ಆಟ ಸರಳ. ಊರ ಹೊರಗೆ ನಿಂತು ಹಣ್ಣು ಒಗೆಯಬೇಕು. ಅದು ಎಲ್ಲಿ ಬಿತ್ತೋ ಅಲ್ಲಿಗೆ ಹೋಗಿ, ಅಲ್ಲಿಂದಲೇ ಮತ್ತೆ ಒಗೆಯಬೇಕು. ಗೊತ್ತು ಮಾಡಿದ ಜಾಗವನ್ನು ಯಾರ ಹಣ್ಣು ಮೊದಲು ದಾಟುತ್ತದೋ ಅವರು ಗೆದ್ದಂತೆ. ಕೇಳುವವರಿಗೆ ಹುಡುಗಾಟ ಅನ್ನಿಸಬಹುದು. ಆದರೆ ಇದರಲ್ಲಿ ಪಣ ಕಟ್ಟಿ ಕುರಿ ಕಳೆದುಕೊಂಡವರಿದ್ದಾರೆ, ತಲೆ ಬೋಳಿಸಿಕೊಂಡವರಿದ್ದಾರೆ, ಮಾತು ಬಿಟ್ಟು ಕೂತ ಅಣ್ಣತಮ್ಮಂದಿರೂ ಇದ್ದಾರೆ.

ಆ ಪಂಚಮಿಯ ಬೆಳಿಗ್ಗೆ ಶೈಲಜಾಳ ತಮ್ಮ ಸಿದ್ದಲಿಂಗೇಶ ಸಿಂಧನೂರಿನಿಂದ ಬಂದ. ಅಕ್ಕನನ್ನು ತವರಿಗೆ ಕರೆದೊಯ್ಯುವುದು ಪದ್ಧತಿ. ಅಪ್ಪ ಜಂಬಣ್ಣನ ರೈಸ್‌ಮಿಲ್ಲು ನೋಡಿಕೊಳ್ಳುವ ಹುಡುಗ, ಸಿಂಧನೂರಿನ ಕ್ರಿಕೆಟ್ ಟೀಮಿನಲ್ಲಿ ಬೌಲರ್ ಬೇರೆ. ಮಿಲ್ಲಿನ ಲಾರಿ ಲಿಂಗಸುಗೂರಿಗೆ ಅಕ್ಕಿ ಇಳಿಸಲು ಹೋಗಿತ್ತು. ಹಬ್ಬವೆಂದು ಅಕ್ಕಿಗೇನು ರಜೆ ಇರುತ್ತದೆಯೇ? ಡ್ರೈವರ್ ದಾವಲ್‌ಸಾಬ್ ಮಧ್ಯಾಹ್ನ ವಾಪಸ್ ಬರುವಾಗ ಮನೆ ಮುಂದೆ ನಿಲ್ಲಿಸುವುದು, ಅಕ್ಕ ಅದರಲ್ಲಿ ಹತ್ತಿಕೊಳ್ಳುವುದು, ತಾನು ಮೋಟರ್‌ಸೈಕಲ್ಲಿನಲ್ಲಿ ಹಿಂದೆ ಹೋಗುವುದು ಎಂದು ಎಲ್ಲ ನಿಕ್ಕಿಯಾಗಿತ್ತು. ಪ್ರತಿ ವರ್ಷ ಶೈಲಜಾ ಒಂದು ರಾತ್ರಿ ಇದ್ದು ಮರುದಿನ ಬಂದುಬಿಡುತ್ತಿದ್ದಳು. ಆ ಒಂದು ರಾತ್ರಿಯೇ ಸಂಗನಬಸವನಿಗೆ ಸಾಕುಬೇಕಾಗುತ್ತಿತ್ತು.

ಸಿದ್ದಲಿಂಗೇಶ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಾ ಹೇಳಿದ, “ಮಾವ, ಈ ಸಲ ಅಕ್ಕನ್ನ ಶ್ರಾವಣ ಮುಗಿಯೋತನ ಕಳಸಂಗಿಲ್ಲ. ಅವ್ವ ಹೇಳಿ ಕಳಸ್ಯಾಳ.”

ಸಂಗನಬಸವನ ಎದೆ ಧಸಕ್ಕೆಂದಿತು. ಆದರೆ ಬಾಯಿಯಿಂದ ಬಂದದ್ದೇ ಬೇರೆ. “ಇಟ್ಕೋರಿ, ನನಗೇನು? ಆದ್ರ ಸುಮ್ನ ಕೊಡಂಗಿಲ್ಲ. ನಿಂಬಿಹಣ್ಣಿನಾಗ ನನ್ನ ಸೋಲಸು. ಗೆದ್ರ ಶ್ರಾವಣ ಪೂರ್ತಿ ನಿಮ್ಮನ್ಯಾಗ. ಸೋತ್ರ ನಾಳೆ ಸಂಜಿ ಬಸ್ಸಿಗೆ ಹತ್ತಸಬೇಕು.”

“ಆತು ಬಿಡ್ರಿ,” ಎಂದ ಭಾವಮೈದುನ, ಬೌಲಿಂಗ್ ಮಾಡುವ ತೋಳು ಸವರಿಕೊಳ್ಳುತ್ತಾ. “ಅಕ್ಕಗ ಹೇಳೋದು ಬ್ಯಾಡ.”

“ಹುಚ್ಚನೇನು ನಾ, ಹೇಳಾಕ?”

ಹೀಗೆ ಪಣ ಕಟ್ಟಿದ್ದಾಯಿತು. ‘ನನಗೆ ಆಗುವುದಿಲ್ಲಪ್ಪ, ನಾಳೆಯೇ ಕಳಿಸಿಬಿಡು’ ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಬೇಕಲ್ಲ!

ತಿಂಡಿಗೆ ಕುಳಿತಾಗ ಮಗಳು ಅಮೂಲ್ಯಾಳನ್ನು ಅಂಪೈರ್ ಮಾಡಿಕೊಂಡರು. ಅವಳು ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಬಿಎಸ್‌ಸಿ ಓದುತ್ತಿದ್ದಳು, ಹಬ್ಬಕ್ಕೆ ಬಂದಿದ್ದಳು. ಪಣದ ವಿಷಯ ಅವಳಿಗೂ ಹೇಳಲಿಲ್ಲ, ಸುಮ್ಮನೆ ಆಟ ಎಂದರು. ಅವಳು ಶೇಂಗಾ ಉಂಡೆ ಕಡಿಯುತ್ತಾ ಅಪ್ಪನನ್ನು ಕೆಣಕಿದಳು.

“ಅಪ್ಪಾ, ನೀ ಒಗದ ಹಣ್ಣು ಯಾಕ ಬೀಳ್ತೈತಿ, ಹೇಳು?”

“ದಮ್ಮು ತೀರತೈತಿ, ಬೀಳ್ತೈತಿ.”

“ಹಣ್ಣಿಗೆಲ್ಲಿ ದಮ್ಮು? ಒಮ್ಮಿ ಒಗದ್ರ ಅದು ನೆಟ್ಟಗ ಹೊಂಟೇ ಬಿಡತೈತಿ, ತಾನಾಗೇ ನಿಲ್ಲಂಗಿಲ್ಲ. ಅದಕ್ಕ ಜಡತ್ವ ಅಂತಾರ. ನಡುವ ಗಾಳಿ ಅಡ್ಡ ಬರತೈತಿ, ಭೂಮಿ ಕೆಳಗ ಜಗ್ಗತೈತಿ, ಅದಕ್ಕ ಬೀಳ್ತೈತಿ. ಗಾಳಿನೇ ಇರದಿದ್ರ, ನೀ ಬಾಳ ಬಾಳ ಜೋರು ಒಗದ್ರ, ಹಣ್ಣು ಕೆಳಗ ಬಿದ್ದಂಗೆಲ್ಲ ಭೂಮಿನೂ ಗುಂಡಗ ಬಾಗ್ತಾ ಹೋಗ್ತೈತಿ. ಬೀಳ್ತಾನೇ ಇರತೈತಿ, ನೆಲ ಮುಟ್ಟಂಗಿಲ್ಲ. ಒಂದು ಸುತ್ತು ಹಾಕ್ಕೊಂಡು ಬಂದು ನಿನ್ನ ಬೆನ್ನಿಗೇ ಬಡೀತೈತಿ. ಚಂದ್ರ ಮಾಡಾಕತ್ತಿದ್ದು ಇದನ್ನ.”

ಸಂಗನಬಸವ ಬಾಯಲ್ಲಿದ್ದ ಉಂಡೆ ನುಂಗುವುದನ್ನು ಮರೆತ. “ಚಂದ್ರ ಬೀಳಾಕತ್ತಾನ?”

“ಹೂಂ. ನಾವೂ ಸೂರ್ಯನ ಕಡೆ ಬೀಳಾಕತ್ತೀವಿ. ಆದ್ರ ಅಡ್ಡ ಓಡೋ ಓಟ ಜೋರೈತಿ, ಅದಕ್ಕ ತಪ್ಪಿಸ್ಕೊಂಡು ಸುತ್ತಾಕತ್ತೀವಿ.”

“ಓಡಸೋರು ಯಾರು?”

“ಯಾರೂ ಇಲ್ಲ. ಯಾವಾಗೋ ಹೊಂಟಿದ್ದು. ಅಲ್ಲಿ ತಡಿಯೋರು ಯಾರೂ ಇಲ್ಲ, ಹೊಂಟೇ ಐತಿ. ಸೂರ್ಯ ಜಗ್ಗಲಿಲ್ಲಂದ್ರ ನೆಟ್ಟಗ ಎತ್ತಾಗೋ ಹೋಗ್ತಿತ್ತು. ಓಟ ಇರಲಿಲ್ಲಂದ್ರ ಸೀದಾ ಸೂರ್ಯನ ಒಳಗ ಬೀಳ್ತಿತ್ತು. ಎರಡೂ ಕೂಡಿ ಸುತ್ತಾಗೇತಿ.”

“ನಿಂಬಿಹಣ್ಣು ಸುತ್ತಬೇಕಂದ್ರ ಎಷ್ಟು ಜೋರು ಒಗೀಬೇಕು?”

“ಮಸ್ಕಿಯಾಗ ಕೈ ಬಿಟ್ಟದ್ದು, ನೀ ನಾಕು ಸಲ ಕಣ್ಣು ಪಿಳಕಸೋದ್ರಾಗ ಲಿಂಗಸುಗೂರು ದಾಟಿರಬೇಕು.”

ಸಂಗನಬಸವ ತನ್ನ ಬಲಗೈಯನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡ. ಆಮೇಲೆ ಬಹಳ ವಿನಯದಿಂದ, “ಈಗ ಆಗಲಿಕ್ಕಿಲ್ಲ. ವಯಸ್ಸಿನಾಗಿದ್ದಾಗ ಆಗ್ತಿತ್ತೋ ಏನೋ,” ಎಂದ. ಅಡುಗೆಮನೆಯಲ್ಲಿ ಶೈಲಜಾ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಆಟ ಲಿಂಗಸುಗೂರು ರಸ್ತೆಯಲ್ಲಿ ಶುರುವಾಯಿತು. ಗಂಡಸರಿಬ್ಬರು ಸಿದ್ದಲಿಂಗೇಶನ ಮೋಟರ್‌ಸೈಕಲ್ಲಿನಲ್ಲಿ, ಅಮೂಲ್ಯಾ ತನ್ನ ಸ್ಕೂಟಿಯಲ್ಲಿ ಬಂದಿದ್ದರು. ಮುಂದಿನ ಹಳ್ಳದ ಸೇತುವೆ ದಾಟಿದವರು ಗೆದ್ದಂತೆ. ಮೊದಲ ಒಗೆತದಲ್ಲೇ ಸಂಗನಬಸವನ ಮುಖ ಸಪ್ಪಗಾಯಿತು. ಸಿದ್ದಲಿಂಗೇಶ ಓಡಿ ಬಂದು, ಮೈಯನ್ನೆಲ್ಲ ತಿರುವಿ ಬಿಟ್ಟ ಹಣ್ಣು ಮುಂದೆ ಎಲ್ಲೋ ಬೇವಿನಮರದ ಬುಡದಲ್ಲಿ ಬಿತ್ತು. ಇವನದು ಅದರ ಹಿಂದೆ ಬಹಳ ದೂರದಲ್ಲಿ ಉಳಿಯಿತು. ಎರಡನೆಯದರಲ್ಲಿ ಅಂತರ ಇನ್ನೂ ಬೆಳೆಯಿತು. ಊರಿನ ಜನ ಜೊತೆಗೆ ಬರಲಿಲ್ಲ ಎನ್ನುವುದೊಂದೇ ಪುಣ್ಯ. ಸಂಗನಬಸವನ ಕಣ್ಣ ಮುಂದೆ ಶ್ರಾವಣಮಾಸ ಇಡಿಯಾಗಿ ಬಂದು ನಿಂತಿತು. ಖಾನಾವಳಿಯ ಸೋಡಾ ಹಾಕಿದ ಅನ್ನ, ಹಚ್ಚದ ದೀಪ, ‘ಊಟ ಆತೇನ್ರೀ’ ಎಂದು ಯಾರೂ ಕೇಳದ ಸಂಜೆ. ಅವನಿಗೆ ನಿಜವಾಗಿಯೂ ಅಳು ಬಂತು. ಬೆವರು ಒರೆಸಿಕೊಂಡಂತೆ ಮಾಡಿ ಅದನ್ನೂ ಒರೆಸಿಕೊಂಡ.

ಆಗ ಅವನಿಗೆ ಉಪಾಯ ಹೊಳೆಯಿತು. “ಅಮೂ, ಬಸ್ಸಿನಾಗ ಕುಂತವನ ಕೈಯಾಗ ಹಣ್ಣಿದ್ರ, ಆ ಹಣ್ಣೂ ಬಸ್ಸಿನಷ್ಟೇ ಓಡಾಕತ್ತಿರತೈತೋ ಇಲ್ಲೋ?”

“ಓಡಾಕತ್ತಿರತೈತಿ. ಅಲ್ಲಿಂದ ಮುಂದಕ್ಕ ಒಗದ್ರ ಬಸ್ಸಿನ ಓಟ, ನಿನ್ನ ಕೈ ಓಟ, ಎರಡೂ ಕೂಡತಾವು.”

“ಹಂಗಾರ ನಾ ಮೋಟರ್‌ಸೈಕಲ್ ಮ್ಯಾಲಿಂದ ಒಗೀತೀನಿ!”

ಸಿದ್ದಲಿಂಗೇಶ ಬಾಯಿ ಬಾಯಿ ಬಡಿದುಕೊಂಡ. ಇದು ಮೋಸ, ಇಂಥದ್ದು ಎಲ್ಲೂ ಇಲ್ಲ ಎಂದ. ಅಮೂಲ್ಯಾ ಸೊಂಟದ ಮೇಲೆ ಕೈ ಇಟ್ಟು ಯೋಚಿಸಿದಳು. ಹಣ್ಣು ಬಿದ್ದ ಜಾಗದಲ್ಲೇ ಕೈಯಿಂದ ಬಿಡಬೇಕು, ಅಷ್ಟೇ ನಿಯಮ. ಕೈ ಓಡುತ್ತಿರಬಾರದು ಎಂದು ಯಾರೂ ಹೇಳಿಲ್ಲ. ಓಡಿ ಬಂದು ಒಗೆಯುವುದು ನಡೆಯುತ್ತದೆ ಎಂದ ಮೇಲೆ ಇದೂ ನಡೆಯಬೇಕು. “ಮಾಮಾ, ನೀನೂ ಓಡಿ ಬಂದೇ ಒಗದಿ. ಸುಮ್ನಿರು,” ಎಂದಳು.

ಇನ್ನೊಂದು ತೊಡಕು ಬಂತು. ಬಲಗೈಯಲ್ಲಿ ಎಕ್ಸಲೇಟರ್ ಹಿಡಿದವನು ಬಲಗೈಯಿಂದ ಒಗೆಯುವುದು ಹೇಗೆ? ಗಾಡಿ ಹೊಡೆಯಲು ಇನ್ನೊಬ್ಬರು ಬೇಕು. ಅಂಪೈರ್ ಹೊಡೆಯುವಂತಿಲ್ಲ. ಉಳಿದವನು ಸಿದ್ದಲಿಂಗೇಶ. “ನಾನೇ ಹೊಡೀತೀನಿ ನಡೀರಿ. ಹೆಂಗೂ ಸೋಲ್ತೀರಿ,” ಎಂದು ಅವನು ಗಾಡಿ ಹತ್ತಿದ. ಎದುರಾಳಿಯ ಹಿಂದೆ ಕುಳಿತು ಪಣ ಗೆಲ್ಲಲು ಹೊರಟವರು ಮಸ್ಕಿಯ ಚರಿತ್ರೆಯಲ್ಲಿ ಸಂಗನಬಸವನಿಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

ಹಿಂದಿನಿಂದ ಗಾಡಿ ಭರ್ರನೆ ಬಂತು. ಸಂಗನಬಸವ ಮೊಣಕಾಲಿನಿಂದ ಸೀಟು ಅವುಚಿ ಹಿಡಿದು, ಅರ್ಧ ಎದ್ದು, ಕೈ ಹಿಂದಕ್ಕೆ ಎಳೆದ. ಅಮೂಲ್ಯಾ ಗೀಟು ಎಳೆದಿದ್ದ ಜಾಗ ಇನ್ನೇನು ಬಂತು ಎನ್ನುವಾಗ ಸಿದ್ದಲಿಂಗೇಶ ಗಕ್ಕನೆ ಬ್ರೇಕು ಹಾಕಿದ. ನಾಯಿ ಅಡ್ಡ ಬಂತು ಎಂದು ಆಮೇಲೆ ಹೇಳಿದ. ಆ ನಾಯಿಯನ್ನು ಬೇರೆ ಯಾರೂ ನೋಡಲಿಲ್ಲ.

ಗಾಡಿ ನಿಂತಿತು. ಸಂಗನಬಸವ ನಿಲ್ಲಲಿಲ್ಲ. ಬೆಳಿಗ್ಗೆ ಮಗಳು ಹೇಳಿದ ಪಾಠ ಅವನ ಮೈಯಲ್ಲೇ ನಡೆದುಹೋಯಿತು. ಅವನು ಭಾವಮೈದುನನ ತಲೆಯ ಮೇಲಿಂದ ನೆಟ್ಟಗೆ ಹೋಗಿ, ಭೂಮಿ ಜಗ್ಗಿದ ಕಡೆ ಬಾಗಿ, ರಸ್ತೆ ಪಕ್ಕದ ಎರೆಹೊಲದ ಕಪ್ಪು ಕೆಸರಿನಲ್ಲಿ ಹೋಗಿ ಕೂತ. ಹಣ್ಣು ಮಾತ್ರ ಗೀಟಿನ ಮೇಲೆಯೇ ಕೈ ಬಿಟ್ಟಿತ್ತು. ಆದರೆ ಮುಂದಕ್ಕೆ ಹೋಗುವ ಬದಲು ಮೇಲಕ್ಕೆ ಹೋಯಿತು. ಎಲ್ಲರೂ ಕತ್ತೆತ್ತಿ ನೋಡಿದರು. ಅದು ಮೇಲೆ ಹೋಗಿ, ಒಂದು ಗಳಿಗೆ ನಿಂತಂತೆ ಮಾಡಿ, ಕೆಳಗೆ ಇಳಿದು, ಲಿಂಗಸುಗೂರು ಕಡೆಯಿಂದ ಬರುತ್ತಿದ್ದ ಲಾರಿಯ ಖಾಲಿ ಗೋಣಿಚೀಲದ ರಾಶಿಯೊಳಗೆ ಬಿತ್ತು. ಮಿಲ್ಲಿನದೇ ಲಾರಿ. ದಾವಲ್‌ಸಾಬ್ ಇದೆಲ್ಲ ಹಬ್ಬದ ಆಟವೆಂದು ತಿಳಿದು, ಹಾರ್ನ್ ಹೊಡೆದು, ಕೈ ಬೀಸಿ, ಖುಷಿಯಿಂದ ಊರ ಕಡೆ ಹೊರಟೇಹೋದ.

ಸಿದ್ದಲಿಂಗೇಶ ಕುಣಿದ. “ಹಣ್ಣು ಹಿಂದಕ್ಕ ಹೋತು! ಸೋತ್ರಿ ಮಾವ! ಅಕ್ಕ ಶ್ರಾವಣ ಪೂರ್ತಿ ನಮ್ಮನ್ಯಾಗ!”

ಅಮೂಲ್ಯಾ ತಿರುಗಿ ನೋಡಿದಳು. “ಏನಂದಿ ಮಾಮಾ? ಅವ್ವನ್ನ ಪಣಕ್ಕ ಇಟ್ಟೀರಾ?”

ಸಂಗನಬಸವ ಕಿವಿಯೊಳಗಿನ ಕೆಸರು ತೆಗೆಯುವುದರಲ್ಲಿ ಮಗ್ನನಾದಂತೆ ಕಂಡ.

“ಅಂಪೈರ್ ಅಂತ ಒಂದು ಮಾತು ಹೇಳ್ತೀನಿ,” ಎಂದಳು ಅಮೂಲ್ಯಾ, ಸಿಟ್ಟಿನಿಂದ. “ಹಣ್ಣು ನೆಲಕ್ಕ ಬಿದ್ದಿಲ್ಲ. ಲಾರಿಯಾಗ ಓಡಾಕತ್ತೈತಿ. ಬೀಳೋತನ ಅಪ್ಪನ ಸರದಿ ಮುಗದಿಲ್ಲ, ಯಾರೂ ಸೋತಿಲ್ಲ. ಮಗಳಾಗಿ ಇನ್ನೊಂದು ಮಾತು. ಇದನ್ನ ಅವ್ವಗ ನಾನೇ ಹೇಳ್ತೀನಿ.” ಅಷ್ಟು ಹೇಳಿ ಸ್ಕೂಟಿ ತಿರುಗಿಸಿದಳು.

ಸಂಗನಬಸವನ ಜೀವದಲ್ಲಿ ಜೀವ ಬಂತು, ಮರುಕ್ಷಣ ಅದೇ ಜೀವ ಹೋಯಿತು. ಸರದಿ ಮುಗಿದಿಲ್ಲ, ಸರಿ. ಆದರೆ ಶೈಲಜಾಳಿಗೆ ಗೊತ್ತಾದರೆ ಶ್ರಾವಣವೇನು, ದೀಪಾವಳಿಗೂ ಬರುವವಳಲ್ಲ. “ಲೇ ಸಿದ್ದ್ಯಾ, ಗಾಡಿ ಎಬ್ಬಸಲೇ!” ಎಂದು ಕೂಗಿದ.

ಮನೆ ಮುಟ್ಟಿದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯ ಚಾಂದ್‌ಬೀ ಕೀಲಿ ಹಿಡಿದು ಹೊರಗೆ ಬಂದು, ಸಂಗನಬಸವನನ್ನು ನೋಡಿ ಮೊದಲು ಗುರುತೇ ಹಿಡಿಯಲಿಲ್ಲ. “ಯಾ ಅಲ್ಲಾ, ನೀವೇನ್ರೀ! ಶೈಲಕ್ಕ ಈಗಷ್ಟ ಲಾರಿ ಹತ್ತಿ ಹೋಗ್ಯಾಳ. ಹಿಂದ ನಿಮ್ಮ ಹುಡಿಗಿ ಹೋತು. ನಿಮಗ ರಾತ್ರಿಗೆ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಾಳಂತ, ತಣ್ಣಗಾದ್ರ ಬಿಸಿ ಮಾಡ್ಕೋರಿ ಅಂತ ಹೇಳ್ಯಾಳ.”

ಹೆಂಡತಿಯೂ ಹಣ್ಣೂ ಒಂದೇ ಲಾರಿಯಲ್ಲಿ ಸಿಂಧನೂರಿನ ಕಡೆ ಹೋಗುತ್ತಿದ್ದವು. ಪುಂಡಿಪಲ್ಯ ಎಂದ ಕೂಡಲೇ ಸಂಗನಬಸವನಿಗೆ, ಇಂಥವಳನ್ನು ನಾನು ಪಣಕ್ಕಿಟ್ಟೆನಲ್ಲ ಎಂದು ಮೊದಲ ಸಲ ನಾಚಿಕೆಯಾಯಿತು. ಮತ್ತೆ ಗಾಡಿ ಹತ್ತಿ ಬೆನ್ನು ಹತ್ತಿದರು.

ಎರೆಹೊಲಗಳು ಮುಗಿದು, ಕಾಲುವೆ ಸಿಕ್ಕು, ಎರಡೂ ಬದಿ ಭತ್ತದ ಸಸಿ ನಾಟಿ ಮಾಡಿದ ಗದ್ದೆಗಳು ಬಂದವು. ಮುಂದೆ ಲಾರಿ ಕಂಡಿತು. ಅದರ ಪಕ್ಕದಲ್ಲಿ ಅಮೂಲ್ಯಾ ಸ್ಕೂಟಿ ಓಡಿಸುತ್ತಾ, ಕ್ಯಾಬಿನ್ನಿನ ಕಿಟಕಿಯ ಕಡೆ ಕೂಗುತ್ತಿದ್ದಳು. ಗಾಳಿಯಲ್ಲಿ ಶೈಲಜಾಳಿಗೆ ಅರ್ಧಂಬರ್ಧ ಮಾತ್ರ ಕೇಳಿಸಿತು. ‘ಅಪ್ಪ’ ಎಂದದ್ದು ಕೇಳಿತು, ‘ಬಿದ್ದ’ ಎಂದದ್ದು ಕೇಳಿತು.

“ದಾವಲಣ್ಣಾ, ನಿಲ್ಲಸೋ! ಅವರಿಗೆ ಏನೋ ಆಗೇತಿ!” ಎಂದು ಚೀರಿದಳು.

ದಾವಲ್‌ಸಾಬ್ ಎರಡೂ ಕಾಲಿನಿಂದ ಬ್ರೇಕು ಮೆಟ್ಟಿದ. ಲಾರಿ ನಿಂತಿತು. ಒಳಗಿದ್ದ ಹಣ್ಣಿಗೆ ನಿಲ್ಲುವ ಕಾರಣ ಇರಲಿಲ್ಲ. ಅದು ಗೋಣಿರಾಶಿಯಿಂದ ಉರುಳಿಕೊಂಡು ಮುಂದಕ್ಕೆ ಬಂದು, ಮುಂದಿನ ಹಲಗೆ ಮುರಿದಿದ್ದ ಸಂದಿಯಲ್ಲಿ ನುಗ್ಗಿ, ಕ್ಯಾಬಿನ್ನಿನ ಹಿಂದಿನ ಗಾಜಿಲ್ಲದ ಕಿಟಕಿಯಲ್ಲಿ ಹಾದು ಶೈಲಜಾಳ ಮಡಿಲಿಗೆ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ. ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಹಣ್ಣಿನ ಸಮೇತ ಕೆಳಗೆ ಜಿಗಿದಳು.

ಅಷ್ಟರಲ್ಲಿ ಮೋಟರ್‌ಸೈಕಲ್ ಬಂತು. ತಲೆಯಿಂದ ಕಾಲಿನವರೆಗೆ ಕಪ್ಪು ಕೆಸರು ಮೆತ್ತಿಕೊಂಡ ಗಂಡನನ್ನು ನೋಡಿ ಶೈಲಜಾಳ ಮುಖ ಬಿಳಿಚಿಕೊಂಡಿತು. ಓಡಿ ಬಂದು ಅವನ ಮುಖ ಹಿಡಿದು, ಸೆರಗಿನ ತುದಿಯಿಂದ ಒರೆಸತೊಡಗಿದಳು. “ಏನಾತ್ರೀ? ಎಲ್ಲಿ ಬಡೀತು? ಮಾತಾಡ್ರಿ! ಕೈ ನೋಡೋಣ, ಕಾಲು ನೋಡೋಣ.”

“ಏನೂ ಆಗಿಲ್ಲವ್ವ ಅವಗ,” ಎಂದಳು ಅಮೂಲ್ಯಾ. “ನಿನ್ನ ಪಣಕ್ಕ ಇಟ್ಟಾನ. ಮಾಮಾ ಗೆದ್ರ ನೀ ಶ್ರಾವಣ ಪೂರ್ತಿ ಸಿಂಧನೂರಾಗ, ಅಪ್ಪ ಗೆದ್ರ ನಾಳೆ ವಾಪಸ್. ನಿಂಬಿಹಣ್ಣಿನ ಮ್ಯಾಲೆ ಕಟ್ಟ್ಯಾರ.”

ಒರೆಸುತ್ತಿದ್ದ ಕೈ ನಿಂತಿತು. ಸಂಗನಬಸವನ ಅರ್ಧ ಮುಖ ಬಿಳಿ, ಅರ್ಧ ಕಪ್ಪು, ಹಾಗೆಯೇ ಉಳಿಯಿತು.

ಶೈಲಜಾ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಲಾರಿಯಿಂದ ತನ್ನ ಬ್ಯಾಗು ಇಳಿಸಿಕೊಂಡು, ಜಿಪ್ಪು ಎಳೆದು, ಗಂಡನ ಮುಂದೆ ತೆರೆದು ತೋರಿಸಿದಳು. ಒಳಗೆ ಎರಡೇ ಸೀರೆ ಇದ್ದವು.

“ಒಂದು ಇವತ್ತಿಗೆ, ಒಂದು ನಾಳೆ ಬರೋವಾಗ ಉಡಾಕ. ತಮ್ಮ ಕರದ್ರೇನು, ಅವ್ವ ಅತ್ರೇನು, ನಾ ತಿಂಗಳಗಟ್ಲೆ ಇರಾಕಿ ಅಲ್ಲ ಅಂತ ನಿಮಗ ಗೊತ್ತಿರಲಿಲ್ಲೇನು? ನನ್ನ ಒಂದು ಮಾತು ಕೇಳಿದ್ರ ಆಗ್ತಿದ್ದಿಲ್ಲೇನು? ಈಗ ನೋಡ್ರಿ. ಈಗ ಇರ್ತೀನಿ. ಶ್ರಾವಣ ಅಷ್ಟ ಅಲ್ಲ, ಗಣಪತಿ ಕುಂತು ಎದ್ದು ಹೋಗೋತನ ಇರ್ತೀನಿ.”

“ಹಂಗಾರ ನಾ ಗೆದ್ದಂಗಾ...” ಎಂದು ಸಿದ್ದಲಿಂಗೇಶ ಬಾಯಿ ಹಾಕಿದ.

“ನೀ ಬಾಯಿ ಮುಚ್ಚು!” ಎಂದಳು ಅಕ್ಕ. ಮಿಲ್ಲಿನ ಸಣ್ಣ ಸಾಹುಕಾರ ಬಾಯಿ ಮುಚ್ಚಿದ.

ಸಂಗನಬಸವ ಭಾವಮೈದುನನನ್ನು ನೋಡಿದ, ಮಗಳನ್ನು ನೋಡಿದ, ಕ್ಯಾಬಿನ್ನಿನಿಂದ ಬಗ್ಗಿ ನೋಡುತ್ತಿದ್ದ ದಾವಲ್‌ಸಾಬನನ್ನು ನೋಡಿದ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸಹ ಸೊಂಟ ನೆಟ್ಟಗೆ ಮಾಡಿ ನಿಂತಿದ್ದರು. ಇದಕ್ಕಿಂತ ಹೆಚ್ಚು ಜನರ ಮುಂದೆ ಅವನು ನಿಂಬೆಹಣ್ಣು ಒಗೆದಿದ್ದ, ಜಗಳ ಆಡಿದ್ದ, ಮೀಸೆ ತಿರುವಿದ್ದ. ಇದನ್ನು ಮಾತ್ರ ಯಾವತ್ತೂ ಮಾಡಿರಲಿಲ್ಲ.

“ಶೈಲಾ,” ಎಂದ. “ನೀ ಇರದಿದ್ರ ಮನಿ ನನ್ನ ತಿನ್ನಾಕ ಬರತೈತಿ. ನೀ ಒಂದಿನ ತವರಿಗೆ ಹೋದ್ರ ಕಣ್ಣಿಗೆ ಕಣ್ಣು ಹತ್ತಂಗಿಲ್ಲ. ನೀ ಮಾಡಿಟ್ಟ ಪಲ್ಯ ಒಬ್ಬನ ಕುಂತು ಉಂಡ್ರ ಗಂಟಲದಾಗ ಇಳಿಯಂಗಿಲ್ಲ. ಸಿದ್ದ್ಯಾ ಒಂದು ತಿಂಗಳು ಅಂದ ಕೂಡ್ಲೆ ಹೆದರಿಕಿ ಬಂತು. ಬ್ಯಾಡ, ಕಳಸು ಅನ್ನಾಕ ನಾಚಿಕಿ ಬಂತು. ಅದಕ್ಕ ಪಣ ಕಟ್ಟಿದ್ನಿ. ತಪ್ಪಾತು. ನೀ ಇದ್ರ ನನಗ ಎಲ್ಲಾ ಐತಿ. ಇಷ್ಟ ನೋಡು.”

ದಾವಲ್‌ಸಾಬ್ ಮುಖ ಆ ಕಡೆ ತಿರುಗಿಸಿ ಕಾಲುವೆಯ ನೀರು ನೋಡತೊಡಗಿದ. ಶೈಲಜಾ ಗಂಡನ ಮುಖ ನೋಡಿದಳು. ಅವಳ ಕಣ್ಣು ತುಂಬಿದ್ದವು, ತುಟಿ ಮಾತ್ರ ನಗು ತಡೆಯಲು ಒದ್ದಾಡುತ್ತಿತ್ತು.

“ಇಷ್ಟು ಹೇಳಾಕ ಇಷ್ಟು ವರ್ಷ ಬೇಕಾತೇನ್ರೀ ನಿಮಗ?” ಎಂದಳು. ಆಮೇಲೆ ಸೆರಗಿನಲ್ಲಿ ಏನೋ ಭಾರ ಅನ್ನಿಸಿ ತೆಗೆದು ನೋಡಿದರೆ ನಿಂಬೆಹಣ್ಣು. ಅದನ್ನು ಹಿಂದೆಮುಂದೆ ನೋಡದೆ ಕಾಲುವೆಗೆ ಒಗೆದಳು. ಅದು ತೇಲಿಕೊಂಡು ಹೊರಟಿತು. ತೇಲುವುದು ಬಿದ್ದ ಲೆಕ್ಕವೋ ಅಲ್ಲವೋ ಎಂದು ಮಾಮಾ ಮತ್ತು ಅಂಪೈರ್ ವಾದಕ್ಕಿಳಿದರು. ಯಾರೂ ಅವರ ಮಾತು ಕೇಳಿಸಿಕೊಳ್ಳಲಿಲ್ಲ.

“ಹತ್ರಿ ಲಾರಿ,” ಎಂದಳು ಶೈಲಜಾ ಗಂಡನಿಗೆ. “ನೀವೂ ಬರ್ರಿ. ನಾಳೆ ಸಂಜಿ ಇಬ್ರೂ ಕೂಡೇ ವಾಪಸ್ ಬರೋಣ.”

“ನಾ ಎಲ್ಲಿ ಬರ್ಲಿ? ಪಂಚಮಿಗೆ ಗಂಡಸು ಹೆಂಡ್ತಿ ತವರಿಗೆ ಹೋಗಿದ್ದು ಎಲ್ಲ್ಯಾರ ಕೇಳೀಯೇನು? ಜನ ನಗತಾರ.”

“ಹಂಗಾರ ನಾನು ಗಣಪತಿ ಮುಗಿಸ್ಕೊಂಡು ಬರ್ತೀನಿ.”

ಸಂಗನಬಸವ ಲಾರಿ ಹತ್ತಿದ. ಡ್ರೈವರಿಗೂ ಹೆಂಡತಿಗೂ ನಡುವೆ, ಸುಡುವ ಎಂಜಿನ್ ಪೆಟ್ಟಿಗೆಯ ಮೇಲೆ ಕೂತು, ಕುಂಡಿ ಎತ್ತಿ ಎತ್ತಿ ಇಡುತ್ತಾ ಸಿಂಧನೂರು ಮುಟ್ಟಿದ. ಮೈಮೇಲಿನ ಕೆಸರು ಅಷ್ಟರಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಶೈಲಜಾ ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡಿದ್ದಳು, ಊರು ಬಂದರೂ ಬಿಡಲಿಲ್ಲ.

ಜಂಬಣ್ಣನ ಮನೆಯ ಬಾಗಿಲಲ್ಲಿ ಅತ್ತೆ ಶೇಖರಮ್ಮ ಮಗಳಿಗೆಂದು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಲಾರಿಯಿಂದ ಮಗಳ ಹಿಂದೆ ಅಳಿಯನೂ ಇಳಿದದ್ದನ್ನು ನೋಡಿ ತಟ್ಟೆ ಯಾರ ಮುಂದೆ ತಿರುಗಿಸಬೇಕೆಂದು ತಿಳಿಯದೆ ನಿಂತಲ್ಲೇ ನಿಂತಳು. ಕಟ್ಟೆಯ ಮೇಲೆ ಕುಳಿತಿದ್ದ ಜಂಬಣ್ಣ ಕನ್ನಡಕ ಸರಿಮಾಡಿಕೊಂಡು ಅಳಿಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ನಗಲಿಲ್ಲ. ನಗದೆ ಇರುವುದರಲ್ಲಿ ಮುದುಕ ಪಳಗಿದ ಕೈ.

“ಬರ್ರಿ ಅಳಿಯಾರ, ಬರ್ರಿ. ಪಂಚಮಿಗೆ ತವರಿಗೆ ಬಂದೋರಿಗೆ ಸೀರಿ ಉಡಿಸೋದು ನಮ್ಮನಿ ಪದ್ಧತಿ. ನಿಮಗ ಯಾ ಬಣ್ಣದ್ದು ತರಸ್ಲಿ, ಹೇಳ್ರಿ.”

ಓಣಿಯ ಹೆಂಗಸರು ಕಿಸಕ್ಕೆಂದರು. ಬೆಳಿಗ್ಗೆಯ ಸಂಗನಬಸವ ಆಗಿದ್ದರೆ ಅಲ್ಲಿಂದಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದ. ಅವನು ಪಕ್ಕಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ.

“ಹಸರು ಇರ್ಲಿ ರೀ ಮಾವ,” ಎಂದ. “ಇಕಿಗೆ ಹಸರು ಅಂದ್ರ ಬಾಳ ಇಷ್ಟ.”